ಹಳೆ ಕಾರಿನ ಜಾತಕ: ರಿಪೋರ್ಟ್‌ನಲ್ಲಿ ಬರುವುದು, ಬಾರದಿರುವುದು

ಕಾಫಿ ದುಡ್ಡು ಕೈಗೆ ಬರುವ ಹೊತ್ತಿಗೆ ಕೊಡಗಿನ ಎಷ್ಟೋ ಮನೆಗಳಲ್ಲಿ ಗಾಡಿಯ ಮಾತು ಶುರುವಾಗುತ್ತದೆ. ಈ ಸಲ ನಮ್ಮ ಮನೆಯಲ್ಲೂ ಶುರುವಾಯಿತು. ಪೊನ್ನಂಪೇಟೆಯಲ್ಲಿರುವ ಅಕ್ಕನ ಮಗ ಕುಶಾಲನಗರದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ನೋಡಿ ಬಂದಿದ್ದ. 2020ರ ಮಾಡೆಲ್. ಕೆಎ 53 ನಂಬರ್, ಅಂದರೆ ಬೆಂಗಳೂರಿನ ಕೆ.ಆರ್. ಪುರಂ ಆರ್‌ಟಿಒದ್ದು. ರಾತ್ರಿ ವಾಟ್ಸಾಪ್‌ನಲ್ಲಿ ಒಂದು ಪಿಡಿಎಫ್ ಕಳಿಸಿದ. ಯಾವುದೋ ಆಪ್‌ಗೆ ದುಡ್ಡು ಕಟ್ಟಿ ತೆಗೆಸಿದ ರಿಪೋರ್ಟ್. ಪ್ರತಿ ಸಾಲಿನ ಮುಂದೆ ಹಸಿರು ಗುರುತು. ಸಾಲ ಇಲ್ಲ. ಕಳವಿನ ಕೇಸಿಲ್ಲ. ಅಪಘಾತದ ದಾಖಲೆ ಇಲ್ಲ. ಇನ್ಶೂರೆನ್ಸ್ ಚಾಲ್ತಿಯಲ್ಲಿದೆ. "ಎಲ್ಲಾ ಕ್ಲಿಯರ್ ಇದೆ ಮಾವ, ನಾಳೆ ಅಡ್ವಾನ್ಸ್ ಕೊಡ್ಲಾ?" ಅಂತ ಕೇಳಿದ.

ಸ್ವಲ್ಪ ತಡಿ ಅಂದೆ. 2016ರಲ್ಲಿ ನಾನೂ ಹೀಗೇ ಕಾಗದ ನೋಡಿ ಒಂದು ಕಾರು ತಗೊಂಡಿದ್ದೆ. ಮಾರಿದವರು ಹಳೆ ಕಾರುಗಳ ವ್ಯಾಪಾರಿ. ಮೀಟರ್‌ನಲ್ಲಿ 34,000 ಕಿಲೋಮೀಟರ್ ಇತ್ತು. ಆರ್‌ಸಿ ಸರಿ ಇತ್ತು, ಇನ್ಶೂರೆನ್ಸ್ ಸರಿ ಇತ್ತು, ಬ್ಯಾಂಕಿನವರು ಸಾಲ ತೀರಿದೆ ಅಂತ ಕೊಟ್ಟ ಪತ್ರವೂ ಇತ್ತು. ಎಂಟು ತಿಂಗಳಾದ ಮೇಲೆ ಗೋಣಿಕೊಪ್ಪದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಬಾನೆಟ್ ಎತ್ತಿ, ಒಂದು ಮೂಲೆಯಲ್ಲಿದ್ದ ಮಾಸಿದ ಸ್ಟಿಕ್ಕರ್ ತೋರಿಸಿದರು. ಹಿಂದೆ ಯಾರೋ ಆಯಿಲ್ ಬದಲಾಯಿಸಿದಾಗ ಅಂಟಿಸಿದ್ದು. ಮುಂದಿನ ಆಯಿಲ್ ಚೇಂಜ್ 81,000ಕ್ಕೆ ಅಂತ ಬರೆದಿತ್ತು. ಅಷ್ಟು ಹೊತ್ತಿಗಾಗಲೇ ಕ್ಲಚ್‌ಗೂ ಸಸ್ಪೆನ್ಷನ್‌ಗೂ ಸಾಕಷ್ಟು ದುಡ್ಡು ಸುರಿದಿದ್ದೆ. ಆ ಕಾಗದಗಳಲ್ಲಿ ಒಂದೂ ಸುಳ್ಳು ಇರಲಿಲ್ಲ. ಕಾರು ಎಷ್ಟು ಓಡಿದೆ ಅಂತ ಬರೆಯುವ ಜಾಗವೇ ಅವುಗಳಲ್ಲಿ ಇರಲಿಲ್ಲ, ಅಷ್ಟೆ.

ರಿಪೋರ್ಟ್ ಬೇಡ ಅಂತ ನಾನು ಹೇಳುವುದಿಲ್ಲ. ತೆಗೆಸಲೇಬೇಕು. ಆದರೆ ಅದನ್ನು ಹೇಗೆ ಓದಬೇಕು ಅನ್ನುವುದು ಬೇರೆ ವಿಷಯ. ರಿಪೋರ್ಟ್‌ನಲ್ಲಿ ಕೆಟ್ಟದ್ದು ಏನಾದರೂ ಬರೆದಿದ್ದರೆ ಅದನ್ನು ಬಹುಪಾಲು ನಂಬಬಹುದು. ಏನೂ ಬರೆದಿಲ್ಲ ಅಂದರೆ ಕಾರು ಚೆನ್ನಾಗಿದೆ ಅಂತ ಅರ್ಥವಲ್ಲ. ಯಾರೂ ಏನೂ ಬರೆದಿಲ್ಲ ಅಂತ ಮಾತ್ರ ಅರ್ಥ. ಈ ಎರಡರ ನಡುವಿನ ವ್ಯತ್ಯಾಸ ತಿಳಿಯದೆ ನಮ್ಮ ಕಡೆ ತುಂಬಾ ಜನ ದುಡ್ಡು ಕಳೆದುಕೊಂಡಿದ್ದಾರೆ.

ರಿಪೋರ್ಟ್ ಎಲ್ಲಿಂದ ಹುಟ್ಟುತ್ತದೆ?

ನಮ್ಮ ದೇಶದಲ್ಲಿ ಇದರ ಬೇರು ಇರುವುದು ಸಾರಿಗೆ ಇಲಾಖೆಗಳ 'ವಾಹನ್' ದತ್ತಾಂಶದಲ್ಲಿ. ಪರಿವಾಹನ್ ವೆಬ್‌ಸೈಟಿನಲ್ಲೋ ಎಂ-ಪರಿವಾಹನ್ ಆಪ್‌ನಲ್ಲೋ ಗಾಡಿ ನಂಬರ್ ಹಾಕಿದರೆ ಯಾರು ಬೇಕಾದರೂ ನೋಡಬಹುದು. ರಿಜಿಸ್ಟ್ರೇಷನ್ ಆದ ದಿನ, ಯಾವ ಆರ್‌ಟಿಒ, ಎಷ್ಟನೇ ಮಾಲೀಕರು, ಯಾವ ಇಂಧನ, ಇನ್ಶೂರೆನ್ಸ್ ಮತ್ತು ಎಮಿಷನ್ ಸರ್ಟಿಫಿಕೇಟ್ ಎಲ್ಲಿಯವರೆಗೆ, ಗಾಡಿಯ ಮೇಲೆ ಸಾಲ ಇದೆಯೇ, ಬ್ಲ್ಯಾಕ್‌ಲಿಸ್ಟ್ ಆಗಿದೆಯೇ, ಇಷ್ಟು ಸಿಗುತ್ತದೆ. ಮಾಲೀಕರ ಹೆಸರನ್ನು ಪೂರ್ತಿ ತೋರಿಸದೆ ಕೆಲವು ಅಕ್ಷರ ಮುಚ್ಚಿರುತ್ತಾರೆ. ದುಡ್ಡು ತಗೊಂಡು ರಿಪೋರ್ಟ್ ಕೊಡುವ ಖಾಸಗಿ ಆಪ್‌ಗಳು ಇದೇ ಮಾಹಿತಿಯ ಮೇಲೆ ಚಲನ್ ವಿವರವನ್ನೋ, ಕೆಲವು ಕಂಪನಿಗಳ ಸರ್ವಿಸ್ ವಿವರವನ್ನೋ ಸೇರಿಸಿ ಚೆಂದವಾಗಿ ಜೋಡಿಸುತ್ತವೆ. ಹಸಿರು, ಕೆಂಪು ಬಣ್ಣ ಹಚ್ಚುವುದು ಅವರೇ.

ಇಷ್ಟರಿಂದಲೂ ದೊಡ್ಡ ಉಪಕಾರವಿದೆ. ಮುಖ್ಯವಾಗಿ ಸಾಲದ ವಿಷಯದಲ್ಲಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇದ್ದರೆ, ನಾವು ಎಚ್‌ಪಿ ಅಂತ ಕರೆಯುತ್ತೇವಲ್ಲ, ಅದು ತೆಗೆಯುವವರೆಗೆ ಗಾಡಿ ನಿಮ್ಮ ಹೆಸರಿಗೆ ಸಲೀಸಾಗಿ ಬರುವುದಿಲ್ಲ. ಸಾಲ ತೀರಿಸಿ ವರ್ಷಗಳಾದರೂ ಎಚ್‌ಪಿ ತೆಗೆಸದೆ ಸುಮ್ನೆ ಇರುವವರು ನಮ್ಮಲ್ಲಿ ಬಹಳ. ಬ್ಯಾಂಕಿನ ಎನ್‌ಒಸಿ ಜೊತೆಗೆ ಫಾರಂ 35 ಹಾಕಿದರೆ ಕೆಲಸ ಆಗುತ್ತದೆ. ಆದರೆ ಆ ಎನ್‌ಒಸಿಗೂ ಸಾಮಾನ್ಯವಾಗಿ ಮೂರು ತಿಂಗಳ ಆಯಸ್ಸು. ಬೀರುವಿನಲ್ಲಿ ನಾಲ್ಕು ವರ್ಷ ಇಟ್ಟ ಪತ್ರ ತಂದು ಕೊಟ್ಟರೆ ಮತ್ತೆ ಬ್ಯಾಂಕಿಗೆ ಹೋಗಿ ಹೊಸದು ತರಬೇಕು. ಇಂಥದ್ದನ್ನು ಅಡ್ವಾನ್ಸ್ ಕೊಡುವ ಮೊದಲೇ ತೋರಿಸಿಕೊಡುವುದು ರಿಪೋರ್ಟ್‌ನ ನಿಜವಾದ ಬಲ.

ಕಳವಿನ ಗಾಡಿಯ ವಿಷಯವೂ ಹಾಗೇ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪೋರ್ಟಲ್‌ನಲ್ಲಿ ಗಾಡಿಯ ವಿವರ ಹಾಕಿ, ಪೊಲೀಸ್ ದಾಖಲೆಯಲ್ಲಿ ಅದು ಕಳವಾಗಿದೆಯೇ ಅಂತ ನೋಡಿ ಎನ್‌ಒಸಿ ತೆಗೆದುಕೊಳ್ಳಬಹುದು. ಗಡಿ ಜಿಲ್ಲೆಯವರು ಇದನ್ನು ಬಿಡಲೇಬಾರದು. ಮಾಕುಟ್ಟ ಇಳಿದರೆ ಇರಿಟ್ಟಿ, ಕುಟ್ಟ ದಾಟಿದರೆ ವಯನಾಡು, ಕರಿಕೆ ಕಡೆ ಹೋದರೆ ಕಾಸರಗೋಡು. ಕೇರಳದ ಗಾಡಿ ಇಲ್ಲಿಗೆ, ಇಲ್ಲಿಯ ಗಾಡಿ ಅಲ್ಲಿಗೆ ಹೋಗಿ ಬರುವುದು ನಮಗೆ ದಿನನಿತ್ಯದ ಸಂಗತಿ.

ಮೊದಲ ಮಾಲೀಕರು ಅನ್ನುವ ಮಾತು

ರಿಪೋರ್ಟ್‌ನಲ್ಲಿ ಮಾಲೀಕರ ಸಂಖ್ಯೆ 1 ಅಂತ ಇದ್ದರೆ ಬೆಲೆ ತಾನಾಗಿ ಏರುತ್ತದೆ. 'ಸಿಂಗಲ್ ಓನರ್ ಗಾಡಿ' ಅನ್ನುವುದಕ್ಕೆ ನಮ್ಮಲ್ಲಿ ಅಷ್ಟು ಗೌರವ. ಆದರೆ ಈ ಒಂದು ಅಂಕಿಯನ್ನು ಕೊಡಗಿನಲ್ಲಿ ತುಂಬಾ ಎಚ್ಚರದಿಂದ ಓದಬೇಕು.

ತೋಟದ ಜೀಪುಗಳನ್ನೇ ನೋಡಿ. ಒಬ್ಬರಿಂದ ಒಬ್ಬರಿಗೆ, ಭಾವನಿಂದ ಮೈದುನನಿಗೆ, ತೋಟ ಮಾರಿದಾಗ ತೋಟದ ಜೊತೆಗೇ ಹೊಸಬರಿಗೆ ಕೈ ಬದಲಾಗುತ್ತವೆ. ಮಾಲೀಕರ ಹೆಸರು ಬದಲಾಯಿಸುವ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ಖಾಲಿ ಬಿಟ್ಟು ಕೊಟ್ಟಿರುತ್ತಾರೆ. ಆರ್‌ಟಿಒಗೆ ಯಾರೂ ಹೋಗಿರುವುದಿಲ್ಲ. ನಾಲ್ಕು ಮನೆ ಸುತ್ತಿದ ಗಾಡಿ ದಾಖಲೆಯಲ್ಲಿ ಇನ್ನೂ ಮೊದಲ ಮಾಲೀಕರ ಹೆಸರಿನಲ್ಲೇ ಇರುತ್ತದೆ. ರಿಪೋರ್ಟ್‌ಗೆ ಅದು ಅಪ್ಪಟ ಸಿಂಗಲ್ ಓನರ್ ಗಾಡಿ.

ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಇದಕ್ಕೆ ಗಡುವು ಕೊಟ್ಟಿದೆ. ಅದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ತಿಳಿಸದಿದ್ದರೆ ಏನಾಗುತ್ತದೆ ಅನ್ನುವುದನ್ನು 2018ರಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಗಾಡಿ ಎಷ್ಟು ಕೈ ಬದಲಾಗಿದ್ದರೂ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ. ಜೀಪು ಮಾರಿ ಹತ್ತು ವರ್ಷ ಆಯ್ತು, ನನಗೇನು ಅನ್ನುವ ಹಿರಿಯರು ಈ ತೀರ್ಪನ್ನು ಒಮ್ಮೆ ತಿಳಿದುಕೊಳ್ಳಬೇಕು.

ವ್ಯಾಪಾರಿಗಳ ಕೈಯಲ್ಲಿ ಗಾಡಿ ನಿಂತಿರುವ ಅವಧಿಗೂ ಈಗ ನಿಯಮ ಬಂದಿದೆ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹಳೆ ಗಾಡಿ ವ್ಯಾಪಾರಿಗಳಿಗೆ ಆರ್‌ಟಿಒ ಅಧಿಕಾರಪತ್ರ ಕೊಡುವ ವ್ಯವಸ್ಥೆ ಮಾಡಿತು. 2023ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಮಾಲೀಕರು ಗಾಡಿಯನ್ನು ಅಂಥ ವ್ಯಾಪಾರಿಗೆ ಒಪ್ಪಿಸಿದಾಗ ಪೋರ್ಟಲ್‌ನಲ್ಲಿ ತಿಳಿಸಬೇಕು. ಆಮೇಲೆ ಗಾಡಿಯ ಹೊಣೆ ವ್ಯಾಪಾರಿಯದು. ಒಳ್ಳೆಯ ನಿಯಮ. ಕೊಳ್ಳುವಾಗ ವ್ಯಾಪಾರಿಗೆ ಈ ಅಧಿಕಾರಪತ್ರ ಇದೆಯಾ ಅಂತ ಕೇಳುವುದನ್ನು ನಾವು ರೂಢಿ ಮಾಡಿಕೊಳ್ಳಬೇಕು.

ಹಳೆ ಜೀಪುಗಳ ಇನ್ನೊಂದು ತೊಂದರೆ ಎಂಜಿನ್. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಿದ ಜೀಪುಗಳು ನಮ್ಮ ಬೆಟ್ಟಗಳಲ್ಲಿ ಬೇಕಾದಷ್ಟಿವೆ. ಇಂಥ ಬದಲಾವಣೆಗೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಬೇಕು. ಬರೆಸದಿದ್ದರೆ ರಿಪೋರ್ಟ್‌ನಲ್ಲಿರುವ ಎಂಜಿನ್ ನಂಬರ್ ಒಂದು, ಬಾನೆಟ್ ಕೆಳಗೆ ಇರುವುದು ಇನ್ನೊಂದು. ಹಾಗಾಗಿ ಎಂಜಿನ್ ನಂಬರನ್ನೂ ಚಾಸಿ ನಂಬರನ್ನೂ ಟಾರ್ಚ್ ಹಿಡಿದು ಆರ್‌ಸಿ ಜೊತೆ ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಬೇಕು.

ಕಿಲೋಮೀಟರ್ ಯಾರು ಬರೆದಿಡುತ್ತಾರೆ?

ನನ್ನ 2016ರ ಅನುಭವದ ಬೇರು ಇಲ್ಲಿದೆ. ನಮ್ಮ ದೇಶದಲ್ಲಿ ಖಾಸಗಿ ಕಾರಿಗೆ ರಿಜಿಸ್ಟ್ರೇಷನ್ ಆದ ಮೇಲೆ 15 ವರ್ಷ ಆಗುವವರೆಗೆ ಸರ್ಕಾರದ ಕಡೆಯಿಂದ ಫಿಟ್ನೆಸ್ ಪರೀಕ್ಷೆ ಇಲ್ಲ. ಹಳದಿ ಬೋರ್ಡ್ ಗಾಡಿಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಬಿಳಿ ಬೋರ್ಡ್ ಕಾರು ಮಾತ್ರ 15 ವರ್ಷ ಯಾರ ಕಣ್ಣಿಗೂ ಬೀಳದೆ ಓಡಬಹುದು. ಅಷ್ಟೂ ಕಾಲ ಮೀಟರ್‌ನ ಅಂಕಿ ಬರೆದಿಡುವ ಜವಾಬ್ದಾರಿ ಯಾವ ಇಲಾಖೆಗೂ ಇಲ್ಲ. ಬರೆದೇ ಇಡದ ಅಂಕಿಯನ್ನು ರಿಪೋರ್ಟ್ ಎಲ್ಲಿಂದ ತಂದು ತೋರಿಸಬೇಕು?

ಬೇರೆ ದೇಶಗಳು ಇದನ್ನು ಬೇರೆ ರೀತಿ ಬಗೆಹರಿಸಿಕೊಂಡಿವೆ. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರಿಗೆ ಪ್ರತಿ ವರ್ಷ ಎಂಒಟಿ ಅನ್ನುವ ಪರೀಕ್ಷೆ ಆಗುತ್ತದೆ. ಪ್ರತಿ ಸಲದ ಮೀಟರ್ ಅಂಕಿ ಸರ್ಕಾರದ ವೆಬ್‌ಸೈಟಿನಲ್ಲಿ ಬಿಟ್ಟಿ ಸಿಗುತ್ತದೆ. ಬೆಲ್ಜಿಯಂನಲ್ಲಿ 2006ರ ಕೊನೆಯಿಂದ 'ಕಾರ್-ಪಾಸ್' ಅನ್ನುವ ಪತ್ರ ಬಂದಿದೆ. ಗ್ಯಾರೇಜಿನವರು, ಟಯರ್ ಅಂಗಡಿಯವರು ಗಾಡಿ ಬಂದಾಗಲೆಲ್ಲ ಕಿಲೋಮೀಟರ್ ದಾಖಲಿಸಬೇಕು. ಆ ಪತ್ರ ಕೊಡದೆ ಹಳೆ ಕಾರು ಮಾರುವಂತಿಲ್ಲ.

ಗಾಡಿಯ ಚರಿತ್ರೆಯ ರಿಪೋರ್ಟ್ ಅಂದರೆ ಮೊದಲು ನೆನಪಾಗುವುದು ಅಮೆರಿಕ. ಅಲ್ಲಿ ಕಾರ್‌ಫ್ಯಾಕ್ಸ್ 1984ರಲ್ಲೇ ಶುರುವಾಯಿತು. 1992ರ ಒಂದು ಕಾನೂನಿನ ಬಲದಿಂದ ಇಡೀ ದೇಶಕ್ಕೆ ಒಂದು ದಾಖಲೆ ವ್ಯವಸ್ಥೆ ಕಟ್ಟಿದರು. ಇನ್ಶೂರೆನ್ಸ್ ಕಂಪನಿಗಳೂ ಗುಜರಿಯವರೂ ಟೋಟಲ್ ಲಾಸ್ ಆದ, ಅಂದರೆ ರಿಪೇರಿ ಮಾಡಿಸಿದರೆ ಲೆಕ್ಕಕ್ಕೆ ಬಾರದ, ಗಾಡಿಗಳ ವಿವರವನ್ನು ಅದಕ್ಕೆ ಕೊಡಲೇಬೇಕು. ಅಲ್ಲಿಯ ಎಷ್ಟೋ ರಾಜ್ಯಗಳಲ್ಲಿ ಪ್ರವಾಹಕ್ಕೆ ಸಿಕ್ಕಿದ ಗಾಡಿಯ ಹಕ್ಕುಪತ್ರದ ಮೇಲೆಯೇ ಗುರುತು ಬೀಳುತ್ತದೆ. ಇಷ್ಟೆಲ್ಲ ಇದ್ದೂ ಅಲ್ಲಿಯ ರಿಪೋರ್ಟ್‌ಗಳಲ್ಲಿ ಒಂದು ಮಾತು ಬರೆದಿರುತ್ತದೆ: ಎಲ್ಲ ಅಪಘಾತಗಳೂ ನಮಗೆ ವರದಿಯಾಗುವುದಿಲ್ಲ. ಪೊಲೀಸರಿಗೂ ಇನ್ಶೂರೆನ್ಸ್‌ನವರಿಗೂ ಹೇಳದೆ ಕೈಯಿಂದ ದುಡ್ಡು ಹಾಕಿ ರಿಪೇರಿ ಮಾಡಿಸಿದ ಪೆಟ್ಟು ಅಲ್ಲೂ ದಾಖಲೆಗೆ ಬರುವುದಿಲ್ಲ. ಅಷ್ಟು ಕಟ್ಟುನಿಟ್ಟಿನ ದೇಶದಲ್ಲೇ ಹೀಗಿರುವಾಗ ನಮ್ಮ ಹಸಿರು ಗುರುತಿಗೆ ಎಷ್ಟು ತೂಕ ಕೊಡಬೇಕು ಅಂತ ಯೋಚಿಸಿ.

ನಮ್ಮಲ್ಲಿ ಕಿಲೋಮೀಟರ್ ತಿಳಿಯಲು ಉಳಿದಿರುವ ದಾರಿ ಕಂಪನಿಯ ಸರ್ವಿಸ್ ದಾಖಲೆ. ಅಧಿಕೃತ ಸರ್ವಿಸ್ ಸೆಂಟರ್‌ಗೆ ಹೋದಾಗಲೆಲ್ಲ ಮೀಟರ್ ಅಂಕಿ ಕಂಪ್ಯೂಟರ್‌ಗೆ ಏರುತ್ತದೆ. ಈ ದಾಖಲೆ ಗಾಡಿಯ ಹೆಸರಿನಲ್ಲಿರುತ್ತದೆ, ಹಾಗಾಗಿ ಮಾಲೀಕರು ಬದಲಾದರೂ ಅಳಿಯುವುದಿಲ್ಲ. ಮೂರನೇ ವರ್ಷ 58,000 ಇದ್ದ ಗಾಡಿ ಏಳನೇ ವರ್ಷ 61,000 ತೋರಿಸಿದರೆ ಅಲ್ಲೇ ನಿಲ್ಲಬೇಕು. ಆದರೆ ನಮ್ಮ ಕಡೆ ವಾರಂಟಿ ಮುಗಿದ ತಕ್ಷಣ ಹೆಚ್ಚಿನವರು ಊರಿನ ಗ್ಯಾರೇಜಿಗೆ ಬದಲಾಗುತ್ತಾರೆ. ನಾಪೋಕ್ಲುವಿನವರು ಒಂದು ಆಯಿಲ್ ಚೇಂಜ್‌ಗೆ ಮೈಸೂರಿಗೆ ಹೋಗಿ ಬರುವುದು ಯಾರಿಗೆ ಆಗುತ್ತದೆ? ಆದ್ದರಿಂದ ಸರ್ವಿಸ್ ದಾಖಲೆ ನಾಲ್ಕನೇ ವರ್ಷಕ್ಕೆ ನಿಂತರೆ ಅದೊಂದರಿಂದಲೇ ಮಾಲೀಕರ ಮೇಲೆ ಅನುಮಾನ ಪಡಬೇಕಿಲ್ಲ. ಎಷ್ಟೋ ಒಳ್ಳೆಯ ಗಾಡಿಗಳನ್ನು ನೋಡಿಕೊಂಡಿರುವುದು ಬಿಲ್ಲು ಕೊಡದ ಮೆಕ್ಯಾನಿಕ್‌ಗಳೇ.

ಇನ್ನೊಂದು ಮಾತು. 40,000 ಅಂತ ಸರಿಯಾದ ಅಂಕಿಯೇ ಸಿಕ್ಕಿದರೂ ಆ 40,000 ಎಲ್ಲಿ ಓಡಿದ್ದು? ಮೈಸೂರು ರಸ್ತೆಯಲ್ಲಿ ಟಾಪ್ ಗೇರಿನಲ್ಲಿ ಓಡಿದ ಗಾಡಿ ಬೇರೆ, ಸಂಪಾಜೆ ಘಾಟಿಯಲ್ಲಿ ಸೆಕೆಂಡ್ ಗೇರಿನಲ್ಲಿ ಹತ್ತಿಳಿದ ಗಾಡಿ ಬೇರೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಸುರಿಯುತ್ತದೆ. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಕೆಸರು ಮೆತ್ತಿಕೊಂಡೇ ತಿಂಗಳುಗಟ್ಟಲೆ ನಿಲ್ಲುವ ಕಾರಿನ ತಳ ಹೇಗಿರುತ್ತದೆ ಅಂತ ಲಿಫ್ಟ್ ಮೇಲೆ ಎತ್ತಿ ನೋಡಿದವರಿಗೇ ಗೊತ್ತು. ಇದಕ್ಕೆ ಯಾವ ರಿಪೋರ್ಟ್‌ನಲ್ಲೂ ಸಾಲಿಲ್ಲ.

ಗಾಡಿ ಎಲ್ಲಿ ಓಡಿದ್ದು ಅಂತ ತಿಳಿಯಲು ಎರಡು ಸುಲಭ ದಾರಿಗಳಿವೆ. ಒಂದು ಇ-ಚಲನ್. ದಂಡ ಬಾಕಿ ಇದೆಯಾ ಅಂತ ನೋಡುವುದರ ಜೊತೆಗೆ ಯಾವ ಊರಿನಲ್ಲಿ, ಯಾವ ದಿನ ದಂಡ ಬಿತ್ತು ಅಂತಲೂ ನೋಡಿ. ಸೋಮವಾರಪೇಟೆಯ ಮನೆಯಲ್ಲೇ ಇದ್ದ ಗಾಡಿಗೆ ವಾರಕ್ಕೊಂದು ಬೆಂಗಳೂರಿನ ಚಲನ್ ಹೇಗೆ ಬರುತ್ತದೆ? ಇನ್ನೊಂದು ಫಾಸ್ಟ್ಯಾಗ್. ಅದರ ಖಾತೆಯ ವಿವರ ನಿಮಗೆ ಸಿಗುವುದಿಲ್ಲ, ಆದರೆ ಮಾರುವವರು ತಮ್ಮ ಫೋನಿನಲ್ಲಿ ತೆರೆದು ತೋರಿಸಬಹುದು. ಟೋಲ್ ದಾಟಿದ ದಿನ, ಜಾಗ ಎಲ್ಲ ಅದರಲ್ಲಿರುತ್ತದೆ. ಹೋಂಸ್ಟೇ ಅತಿಥಿಗಳನ್ನು ಕರೆದುಕೊಂಡು ಬರಲು ಬಿಳಿ ಬೋರ್ಡಿನಲ್ಲೇ ಬಾಡಿಗೆ ಓಡಿಸಿದ ಕಾರು ಇಲ್ಲಿ ಸಿಕ್ಕಿಬೀಳುತ್ತದೆ. ಪ್ರೀತಿಯಿಂದ ಕೇಳಿದರೆ ಹೆಚ್ಚಿನವರು ತೋರಿಸುತ್ತಾರೆ.

ನೀರು ಕಂಡ ಗಾಡಿಗಳು

2018ರ ಆಗಸ್ಟ್ ಯಾರೂ ಮರೆತಿಲ್ಲ. ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಕಡೆ ಬೆಟ್ಟವೇ ಇಳಿದು ಬಂತು. ಮನೆಗಳ ಜೊತೆ ವಾಹನಗಳೂ ಮಣ್ಣಿನಡಿ ಹೋದವು. ಕುಶಾಲನಗರದ ಬಡಾವಣೆಗಳಿಗೆ ಕಾವೇರಿ ನುಗ್ಗಿತು. 2019ರ ಆಗಸ್ಟ್‌ನಲ್ಲಿ ಮತ್ತೆ ನುಗ್ಗಿತು, ನೆಲ್ಯಹುದಿಕೇರಿ, ಕರಡಿಗೋಡು ಕಡೆಯ ಮನೆಗಳೂ ಮುಳುಗಿದವು. ಅದೇ 2018ರಲ್ಲಿ ಕೇರಳ ಮುಳುಗಿತ್ತು. 2015ರ ಡಿಸೆಂಬರ್‌ನಲ್ಲಿ ಚೆನ್ನೈ ಮುಳುಗಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಮಹದೇವಪುರದ ಕಡೆ ಬಡಾವಣೆಗಳ ನೆಲಮಹಡಿಗಳಲ್ಲಿ ನಿಂತಿದ್ದ ಕಾರುಗಳು ನೀರಲ್ಲಿ ತೇಲಿದವು.

ಆ ಕಾರುಗಳೆಲ್ಲ ಏನಾದವು? ರಿಪೇರಿಯ ಖರ್ಚು ಪಾಲಿಸಿಯಲ್ಲಿ ನಮೂದಿಸಿದ ಬೆಲೆಯ, ಅಂದರೆ ಐಡಿವಿಯ ಶೇ. 75 ದಾಟಿದರೆ ಇನ್ಶೂರೆನ್ಸ್‌ನವರು ಅದನ್ನು ಟೋಟಲ್ ಲಾಸ್ ಅಂತ ಲೆಕ್ಕ ಹಾಕಿ ಮಾಲೀಕರಿಗೆ ದುಡ್ಡು ಕೊಡುತ್ತಾರೆ. ಗಾಡಿ ಹರಾಜಿಗೆ ಹೋಗುತ್ತದೆ. ಗಾಡಿ ಪೂರ್ತಿ ನಾಶವಾದರೆ 14 ದಿನದಲ್ಲಿ ಆರ್‌ಟಿಒಗೆ ತಿಳಿಸಿ ರಿಜಿಸ್ಟ್ರೇಷನ್ ರದ್ದು ಮಾಡಿಸಬೇಕು ಅಂತ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. ಆದರೆ ಹರಾಜಿಗೆ ಬಂದ ಗಾಡಿ ಪೂರ್ತಿ ನಾಶವಾಗಿರುವುದಿಲ್ಲ, ದುಡ್ಡು ಸುರಿದರೆ ಮತ್ತೆ ಓಡುತ್ತದೆ. ಹಾಗಾಗಿ ಎಷ್ಟೋ ಸಲ ಆರ್‌ಸಿ ಜೀವಂತವಾಗಿಯೇ ಉಳಿಯುತ್ತದೆ. ತೊಳೆದು, ಒಣಗಿಸಿ, ಸೀಟು ಕವರ್ ಬದಲಾಯಿಸಿ, ಅದೇ ನಂಬರಿನಲ್ಲಿ ಗಾಡಿ ಮತ್ತೆ ರಸ್ತೆಗೆ ಬರುತ್ತದೆ. ಎಂ-ಪರಿವಾಹನ್‌ನಲ್ಲಿ ನೋಡಿದರೆ ಪ್ರವಾಹ ಅನ್ನುವ ಪದವೇ ಇಲ್ಲ.

ನೀರು ಕಂಡ ಗಾಡಿ ಮುಳುಗಿದ ಊರಿನಲ್ಲೇ ಮಾರಾಟವಾಗುವುದೂ ಕಡಿಮೆ. ಅಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಕುಶಾಲನಗರದಲ್ಲಿ ಮುಳುಗಿದ ಕಾರನ್ನು ಕುಶಾಲನಗರದವರು ಕೊಳ್ಳುವುದಿಲ್ಲ. ಬೆಂಗಳೂರಿನಲ್ಲಿ ಮುಳುಗಿದ್ದು ಕೊಡಗಿಗೆ ಬರುತ್ತದೆ, ಕೊಡಗಿನದು ಇನ್ನೆಲ್ಲಿಗೋ ಹೋಗುತ್ತದೆ. ಊರು ಬಿಟ್ಟ ಗಾಡಿಯ ಜೊತೆ ಊರಿನ ನೆನಪು ಹೋಗುವುದಿಲ್ಲ. ಕೊಡಗಿನಂಥ ಸಣ್ಣ ಜಿಲ್ಲೆಯಲ್ಲಿ ಕೆಎ 12 ಗಾಡಿ ಅಂದರೆ ಯಾರದು, ಎಲ್ಲಿ ಗುದ್ದಿತ್ತು, ಯಾವ ವರ್ಷ ಆನೆ ತಳ್ಳಿತ್ತು ಅಂತ ಹೇಳಲು ಒಬ್ಬರಾದರೂ ಇರುತ್ತಾರೆ. ನಾನಂತೂ ಈ ಬಾಯಿಮಾತಿನ ರಿಪೋರ್ಟನ್ನೇ ಜಾಸ್ತಿ ನಂಬುತ್ತೇನೆ. ಹೊರಗಿನ ನಂಬರಿನ ಗಾಡಿಗೆ ಆ ಭಾಗ್ಯ ಇಲ್ಲ. ಅದಕ್ಕೆ ಕಾಗದದ ರಿಪೋರ್ಟ್ ಒಂದೇ ಸಾಕ್ಷಿ, ಅದೋ ಮೂಕ ಸಾಕ್ಷಿ.

ಇನ್ಶೂರೆನ್ಸ್ ಕ್ಲೇಮ್‌ಗಳ ವಿವರ ಕಂಪನಿಗಳ ಬಳಿ ಇದೆ. ಕೊಳ್ಳುವವರಿಗೆ ಮಾತ್ರ ಆ ಬಾಗಿಲು ತೆರೆದಿಲ್ಲ. ಒಂದು ಸಣ್ಣ ಕಿಂಡಿ ಇದೆ, ಅದು ಪಾಲಿಸಿ ಕಾಗದದಲ್ಲಿ ಬರುವ ನೋ ಕ್ಲೇಮ್ ಬೋನಸ್. ಕ್ಲೇಮ್ ಮಾಡದೆ ಒಂದು ವರ್ಷ ಕಳೆದರೆ ಶೇ. 20, ಆಮೇಲೆ 25, 35, 45, ಕೊನೆಗೆ 50. ಒಂದು ಕ್ಲೇಮ್ ಆದರೆ ಸಾಮಾನ್ಯವಾಗಿ ಸೊನ್ನೆಗೆ ಇಳಿಯುತ್ತದೆ. ಆರು ವರ್ಷದಿಂದ ಒಬ್ಬರ ಕೈಯಲ್ಲೇ ಇರುವ ಕಾರಿನ ಪಾಲಿಸಿಯಲ್ಲಿ ಬೋನಸ್ ಸೊನ್ನೆ ಇದ್ದರೆ, ಹಿಂದಿನ ವರ್ಷ ಕ್ಲೇಮ್ ಆಗಿದೆ, ಇಲ್ಲವೇ ಪಾಲಿಸಿ 90 ದಿನಕ್ಕಿಂತ ಜಾಸ್ತಿ ನಿಂತುಹೋಗಿತ್ತು. ಎರಡರಲ್ಲಿ ಯಾವುದು ಅಂತ ಕೇಳಬಹುದು. ಆದರೆ ಈ ಬೋನಸ್ ಗಾಡಿಯದಲ್ಲ, ಮಾಲೀಕರದು. ಹಿಂದಿನ ಮಾಲೀಕರ ಕಾಲದ ಕ್ಲೇಮ್ ಈಗಿನವರ ಪಾಲಿಸಿಯಲ್ಲಿ ಕಾಣುವುದಿಲ್ಲ.

ಕೊಡಗಿನಲ್ಲಿ ಕ್ಲೇಮ್‌ಗೂ ಹೋಗದ ಪೆಟ್ಟುಗಳೇ ಜಾಸ್ತಿ. ಘಾಟಿಯ ತಿರುವಿನಲ್ಲಿ ಪ್ರವಾಸಿಗರ ಗಾಡಿಗೆ ತಾಗಿದರೆ ಅಲ್ಲೇ ಮಾತಾಡಿ ಮುಗಿಸುತ್ತಾರೆ. ಮಳೆಗಾಲದಲ್ಲಿ ಸಿಲ್ವರ್ ಓಕ್ ಕೊಂಬೆ ಬಿದ್ದು ಟಾಪ್ ತಗ್ಗಾದರೆ ಊರಿನಲ್ಲೇ ಟಿಂಕರಿಂಗ್ ಮಾಡಿಸುತ್ತಾರೆ. ಬೋನಸ್ ಹೋಗುತ್ತದೆ, ಯಾಕೆ ಸುಮ್ನೆ ಕ್ಲೇಮ್ ಅಂತ. ಅವರ ಲೆಕ್ಕ ತಪ್ಪಲ್ಲ. ಆದರೆ ದಾಖಲೆ ಅಲ್ಲಿಗೆ ಖಾಲಿ.

ಇಷ್ಟು ಗೊತ್ತಾದ ಮೇಲೆ ನನಗೆ ಅನ್ನಿಸುವುದು ಇದು. ಇದನ್ನು ಸರಿಪಡಿಸಲು ದೊಡ್ಡ ಯಂತ್ರಗಳೇನೂ ಬೇಡ. ಎಮಿಷನ್ ಸರ್ಟಿಫಿಕೇಟ್‌ಗೆ ಬಿಎಸ್ 4, ಬಿಎಸ್ 6 ಅನ್ನುವ ಹೊಗೆ ನಿಯಮಕ್ಕೆ ತಕ್ಕಂತೆ ತಯಾರಾದ ಗಾಡಿಗಳು ವರ್ಷಕ್ಕೊಮ್ಮೆ ಹೋಗಲೇಬೇಕು. ಅಲ್ಲಿ ನಂಬರ್ ಪ್ಲೇಟಿನ ಫೋಟೊ ತೆಗೆಯುತ್ತಾರೆ. ಜೊತೆಗೆ ಮೀಟರಿನದೂ ಒಂದು ಫೋಟೊ ತೆಗೆದು ವಾಹನ್‌ಗೆ ಸೇರಿಸಿದರೆ ವರ್ಷಕ್ಕೊಂದು ಅಂಕಿ ಸಿಗುತ್ತದೆ. ಟೋಟಲ್ ಲಾಸ್ ಆದ ಗಾಡಿಯ ಆರ್‌ಸಿಯಲ್ಲಿ ಒಂದು ಗುರುತು ಹಾಕಿದರೆ ಹರಾಜಿನಿಂದ ಬಂದ ಗಾಡಿಯನ್ನು ಯಾರೂ ಹೊಸದರ ಹಾಗೆ ಮಾರಲಾರರು. ಮಾಲೀಕರ ಹೆಸರು, ವಿಳಾಸ ಯಾರಿಗೂ ಬೇಕಿಲ್ಲ. ಗಾಡಿಗೆ ಏನಾಗಿತ್ತು ಅನ್ನುವುದಷ್ಟೇ ಸಾಕು.

ಕುಶಾಲನಗರಕ್ಕೆ ಹೋದೆವು

ಭಾನುವಾರ ಬೆಳಿಗ್ಗೆ ಅಕ್ಕನ ಮಗ, ನಾನು, ಗೋಣಿಕೊಪ್ಪದ ಅದೇ ಮೆಕ್ಯಾನಿಕ್, ಮೂವರೂ ಹೋದೆವು. ಮಾರುತ್ತಿದ್ದವರು ನಿವೃತ್ತ ಮೇಷ್ಟ್ರು. 2023ರಲ್ಲಿ ಬೆಂಗಳೂರಿನ ವ್ಯಾಪಾರಿಯೊಬ್ಬರಿಂದ ತಗೊಂಡಿದ್ದಂತೆ. ಕಾಫಿ ಕೊಟ್ಟು ಕೂರಿಸಿದರು. ಎಲ್ಲ ಕಾಗದ ಒಂದು ಫೈಲಿನಲ್ಲಿ ನೀಟಾಗಿ ಜೋಡಿಸಿಟ್ಟಿದ್ದರು.

ಮೆಕ್ಯಾನಿಕ್ ಕಾಗದದ ಕಡೆ ನೋಡಲೇ ಇಲ್ಲ. ಮೊದಲು ಗಾಜುಗಳನ್ನು ನೋಡಿದರು. ಪ್ರತಿ ಗಾಜಿನ ಮೂಲೆಯಲ್ಲಿ ತಯಾರಾದ ವರ್ಷದ ಗುರುತು ಇರುತ್ತದೆ. ಒಂದು ಬೇರೆ ಇದ್ದರೆ ಆ ಕಡೆ ಏನೋ ಆಗಿದೆ ಅಂತ. ಎಲ್ಲ ಒಂದೇ ಇದ್ದವು. ಟಯರಿನ ನಾಲ್ಕು ಅಂಕಿ ನೋಡಿದರು. 2319 ಅಂದರೆ 2019ರ 23ನೇ ವಾರ ಅನ್ನುವ ಲೆಕ್ಕ ಅದು. ಅದೂ ಸರಿ ಇತ್ತು. ಆಮೇಲೆ ಮುಂದಿನ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರು. ಯಾವಾಗಲೂ ಒಳಗೇ ಸುತ್ತಿಕೊಂಡಿರುವ ಆ ತುದಿಯಲ್ಲಿ ಕಂದು ಬಣ್ಣದ ಒಂದು ಗೆರೆ. ಸೀಟು ಹಿಂದಕ್ಕೆ ತಳ್ಳಿ ಕೆಳಗಿನ ಹಳಿಗಳನ್ನು ತೋರಿಸಿದರು. ಬೋಲ್ಟುಗಳಿಗೆ ತುಕ್ಕು. ಸ್ಟೆಪ್ನಿ ತೆಗೆದು ಅದರ ಗುಂಡಿಯ ಅಂಚಿಗೆ ಬೆರಳು ಹಾಕಿದರು. ನುಣ್ಣನೆಯ ಒಣ ಮಣ್ಣು ಬಂತು. ಕೊಡಗಿನ ಕೆಂಪು ಮಣ್ಣಲ್ಲ, ಬೂದು ಬಣ್ಣದ್ದು.

ಮೇಷ್ಟ್ರು ಗಾಬರಿಯಾದರು. ಅವರೇ ಮರುದಿನ ನಮ್ಮನ್ನು ಕಂಪನಿಯ ಸರ್ವಿಸ್ ಸೆಂಟರ್‌ಗೆ ಕರೆದುಕೊಂಡು ಹೋದರು. ಆರ್‌ಸಿಯಲ್ಲಿ ಹೆಸರಿದ್ದವರು ಎದುರಿಗೇ ಇದ್ದುದರಿಂದ ಅಲ್ಲಿಯವರು ಹಳೆಯ ಜಾಬ್ ಕಾರ್ಡುಗಳನ್ನು, ಅಂದರೆ ಗಾಡಿಗೆ ಮಾಡಿದ ಕೆಲಸದ ಚೀಟಿಗಳನ್ನು, ತೆಗೆದು ತೋರಿಸಿದರು. 2022ರ ಸೆಪ್ಟೆಂಬರ್. ಗಾಡಿಯನ್ನು ಎಳೆದು ತಂದಿದ್ದಾರೆ. ವೈರಿಂಗ್, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಎಂ), ಒಳಗಿನ ಕಾರ್ಪೆಟ್ ಬದಲಾಗಿದೆ. ನಮ್ಮ ಹುಡುಗ ದುಡ್ಡು ಕಟ್ಟಿ ತೆಗೆಸಿದ ರಿಪೋರ್ಟ್‌ನಲ್ಲಿ ಇದು ಒಂದು ಸಾಲೂ ಇರಲಿಲ್ಲ.

ನೀರು ಕಂಡ ಕಾರು ಓಡುವುದೇ ಇಲ್ಲ ಅಂತಲ್ಲ, ಓಡುತ್ತದೆ. ಆದರೆ ಕನೆಕ್ಟರ್‌ಗಳ ಒಳಗೆ ಸೇರಿದ ತೇವ ವರ್ಷಗಳ ಮೇಲೂ ಕೆಲಸ ಮಾಡುತ್ತಿರುತ್ತದೆ. ಏರ್‌ಬ್ಯಾಗ್ ಬೇಕಾದಾಗ ತೆರೆಯುತ್ತದೆಯೇ ಅಂತ ಯಾರೂ ಭರವಸೆ ಕೊಡಲಾರರು. ಮಳೆಯಲ್ಲಿ, ಮಂಜಿನಲ್ಲಿ, ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯುವ ಗಾಡಿ ಅದಾಗಬಾರದು. ಅಕ್ಕನ ಮಗ ಬೇಡ ಅಂದ.

ಎರಡು ವಾರದ ಮೇಲೆ ಅವನು ವಿರಾಜಪೇಟೆಯ ಹತ್ತಿರ ಒಂದು ಕೆಎ 12 ಕಾರು ತಗೊಂಡ. ಅದರ ರಿಪೋರ್ಟ್ ನೋಡಿದರೆ ಯಾರೂ ಮುಟ್ಟುತ್ತಿರಲಿಲ್ಲ. ಮೂರನೇ ಮಾಲೀಕರು, ಎಚ್‌ಪಿ ತೆಗೆದಿಲ್ಲ, ಎರಡು ಚಲನ್ ಬಾಕಿ. ಆದರೆ ಅದನ್ನು ಮೊದಲಿನಿಂದ ನೋಡಿಕೊಂಡ ಮೆಕ್ಯಾನಿಕ್ ಸಿಕ್ಕಿದರು. ಬಲಗಡೆಯ ಬಾಗಿಲಿಗೆ ಯಾವಾಗ ಪೇಂಟ್ ಹೊಡೆದದ್ದು, ಕ್ಲಚ್ ಎಷ್ಟಕ್ಕೆ ಬದಲಾದದ್ದು, ಎಲ್ಲ ಹೇಳಿದರು. ಎಚ್‌ಪಿ ತೆಗೆಸಿ, ಚಲನ್ ಕಟ್ಟಿಸಿ, ಆಮೇಲೆ ದುಡ್ಡು ಕೊಟ್ಟ. 'ಪ್ರವಾಹಕ್ಕೆ ಸಿಕ್ಕಿಲ್ಲ, ಮೀಟರ್ ಮುಟ್ಟಿಲ್ಲ' ಅಂತ ಡೆಲಿವರಿ ನೋಟಿನಲ್ಲಿ ಬರೆಸಿಕೊಂಡ. ವ್ಯಾಪಾರಿಯಿಂದ ಕೊಳ್ಳುವಾಗಲಂತೂ ಈ ಬರಹ ಇರಲೇಬೇಕು. ಮೋಸವಾದರೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ಅದೇ ಸಾಕ್ಷಿ. ಮನೆಯವರು ತಮ್ಮ ಒಂದು ಕಾರು ಮಾರಿದರೆ ಅದು ವ್ಯಾಪಾರವಲ್ಲ, ಅಲ್ಲಿ ಗ್ರಾಹಕರ ಕಾನೂನು ನೆರವಿಗೆ ಬರುವುದು ಕಷ್ಟ. ಗಾಡಿ ಹೆಸರಿಗೆ ಆದ 14 ದಿನದೊಳಗೆ ಇನ್ಶೂರೆನ್ಸ್‌ ಪಾಲಿಸಿಯನ್ನೂ ಹೆಸರಿಗೆ ಮಾಡಿಸಲು ಅರ್ಜಿ ಕೊಡಿಸಿದೆ. ಇದನ್ನು ಮರೆಯುವವರು ತುಂಬಾ ಜನ.

ಮೇಷ್ಟ್ರ ಮುಖ ಮಾತ್ರ ನನ್ನ ಕಣ್ಣ ಮುಂದೆಯೇ ಇದೆ. ಅವರೂ 2023ರಲ್ಲಿ ಇಂಥದ್ದೇ ರಿಪೋರ್ಟ್ ನೋಡಿ, ನಂಬಿ, ಉಳಿತಾಯದ ದುಡ್ಡು ಕೊಟ್ಟವರು. ಸರ್ವಿಸ್ ಸೆಂಟರ್‌ನಿಂದ ಹೊರಗೆ ಬಂದು ತುಂಬಾ ಹೊತ್ತು ಕಾರಿಗೆ ಒರಗಿ ನಿಂತಿದ್ದರು. "ನಾನೀಗ ಇದನ್ನ ಯಾರಿಗೆ, ಏನಂತ ಹೇಳಿ ಮಾರಲಿ ಹೇಳಿ?" ಅಂತ ಕೇಳಿದರು. ಸುಮ್ಮನಿದ್ದಿದ್ದರೆ ಇನ್ನೊಬ್ಬರು ಹಸಿರು ಗುರುತು ನೋಡಿ ತಗೊಂಡೇ ಹೋಗುತ್ತಿದ್ದರು. ಅವರು ಸುಮ್ಮನಿರಲಿಲ್ಲ. ಆ ವಾರವೇ ಜಾಹೀರಾತು ಬದಲಾಯಿಸಿ 'ಈ ಗಾಡಿ 2022ರಲ್ಲಿ ಬೆಂಗಳೂರಿನಲ್ಲಿ ನೀರಿಗೆ ಸಿಕ್ಕಿತ್ತು' ಅಂತ ಮೊದಲ ಸಾಲಿನಲ್ಲೇ ಬರೆದರು. ಜಾಬ್ ಕಾರ್ಡಿನ ಫೋಟೊವನ್ನೂ ಹಾಕಿದರು. ಹೋದ ತಿಂಗಳು ಫೋನ್ ಮಾಡಿದ್ದೆ. ಗಾಡಿ ಇನ್ನೂ ಅವರ ಶೆಡ್ಡಿನಲ್ಲೇ ಇದೆಯಂತೆ.